ಏಪ್ರಿಲ್‌ನಲ್ಲಿ ಬೆಳಗಾವಿಯಿಂದ ಸ್ಪಿತಿಗೆ ಸ್ವಂತ ಗಾಡಿಯಲ್ಲಿ: ಕುಂಜುಮ್ ಮುಚ್ಚಿರುವಾಗಲೇ ಹೋಗಿ

ಶಹಾಪುರದಾಕಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗುವ ಮುಂಚೆ ಇಲ್ಲಿ ಪ್ರಶ್ನೆ ಕೇಳಿದ್ದೆ, ಬಹಳ ಜನ ಉತ್ತರ ಕೊಟ್ಟಿರಿ. ಈಗ ತಿರುಗಿ ಬಂದಿದ್ದೇವೆ. ಮುಂದಿನ ವರ್ಷ ಹೋಗುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ. ಹೋದವರು ನಾನು, ನಮ್ಮ ಮನೆಯವರು ಮತ್ತು ಮೈದುನ. ಮೂವರೂ ಗಾಡಿ ಓಡಿಸುತ್ತೇವೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪಿತಿಗೆ ಹೋಗುವವರು ಸಾಮಾನ್ಯವಾಗಿ ಶಿಮ್ಲಾ ಕಡೆಯಿಂದ ಹತ್ತಿ ಮನಾಲಿ ಕಡೆ ಇಳಿಯುತ್ತಾರೆ. ಏಪ್ರಿಲ್‌ನಲ್ಲಿ ಈ ಸುತ್ತು ಆಗುವುದಿಲ್ಲ. ಸ್ಪಿತಿಯಿಂದ ಮನಾಲಿ ಕಡೆ ದಾಟುವ ಕುಂಜುಮ್ ಪಾಸ್ 4,500 ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿಯ ಹಿಮ ಸರಿಸಿ ದಾರಿ ಬಿಡುವುದು ಮೇ ಕೊನೆಗೋ ಜೂನ್‌ಗೋ. ಅಲ್ಲಿಯವರೆಗೆ ಹೋದ ದಾರಿಯಲ್ಲೇ ವಾಪಸ್ ಬರಬೇಕು. ಇದೇ ಕಾರಣಕ್ಕೆ ಏಪ್ರಿಲ್ ಬೇಡ ಅನ್ನುವವರೇ ಜಾಸ್ತಿ. ಆದರೆ ನಿಮಗೆ ಕಾಡುಪ್ರಾಣಿ ನೋಡುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದು ಕಷ್ಟ. ಮೇಲಿನ ಗುಡ್ಡಗಳ ಮೇಲೆ ಇನ್ನೂ ಹಿಮ ಕೂತಿರುತ್ತದೆ. ಬಿಸಿಲು ಬೀಳುವ ಕೆಳಗಿನ ಇಳಿಜಾರಿನಲ್ಲಿ ಮಾತ್ರ ಹುಲ್ಲು ತೆರೆದಿರುತ್ತದೆ. ಮೇಯುವ ಪ್ರಾಣಿಗಳೆಲ್ಲ ಅಲ್ಲಿಗೆ ಇಳಿದಿರುತ್ತವೆ, ಅಂದರೆ ಊರಿನ ಮತ್ತು ರಸ್ತೆಯ ಮಗ್ಗುಲಿಗೆ. ಮುಂದೆ ದಾರಿ ಬಂದ್ ಇರುವುದರಿಂದ ನಾವೂ ಓಡುವ ಹಾಗಿಲ್ಲ. ಒಂದೇ ಊರಲ್ಲಿ ಕೂತು ನೋಡುತ್ತೇವೆ.

ದಾರಿ ಬಗ್ಗೆ ಸ್ವಲ್ಪ. ನಮ್ಮೂರ ಮಗ್ಗುಲಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 48 ಸೀದಾ ದಿಲ್ಲಿ ಮುಟ್ಟುತ್ತದೆ. ಕೊಲ್ಲಾಪುರ, ಪುಣೆ, ಸೂರತ್, ವಡೋದರಾ, ಅಹಮದಾಬಾದ್, ಉದಯಪುರ, ಜೈಪುರ. ದಿಲ್ಲಿ ಟ್ರಾಫಿಕ್ ಬೇಡ ಅಂದರೆ ಜೈಪುರ ದಾಟಿದ ಮೇಲೆ ಕೋಟ್‌ಪುತಲಿ ಹತ್ತಿರ ಎಡಕ್ಕೆ ಹೊರಳಿ ನಾರನೌಲ್ ಸೇರಿ. ಅಲ್ಲಿಂದ 152ಡಿ ಹೆದ್ದಾರಿ ಕುರುಕ್ಷೇತ್ರದ ಕಡೆಗೆ ಬಿಡುತ್ತದೆ. ಒಳ್ಳೆ ರಸ್ತೆ, ಬಿಸಿಲು, ಟೋಲ್. ಬರೆಯುವಂಥದ್ದು ಬೇರೆ ಏನೂ ಇಲ್ಲ. ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಯ್ದಿದ್ದೆವು. ಕಾಜಾದಲ್ಲೂ ರೊಟ್ಟಿ ಮುರಿದರೆ ಕಟಕ್ ಅನ್ನುತ್ತಿತ್ತು. ಅಲ್ಲಿಯ ಒಣ ಹವಾಕ್ಕೆ ಮೆತ್ತಗಾಗುವ ಮಾತೇ ಇಲ್ಲ.

ಶಿಮ್ಲಾದಿಂದ ಕಾಜಾ 400 ಕಿಲೋಮೀಟರ್ ಚಿಲ್ಲರೆ. ಒಂದೇ ದಿನ ಹೊಡೆಯಬಹುದು ಎಂದು ನಕ್ಷೆ ನೋಡಿ ಅಂದುಕೊಳ್ಳಬೇಡಿ. ರಾಂಪುರ ದಾಟಿದ ಮೇಲೆ ಬಂಡೆ ಕೊರೆದು ಮಾಡಿದ ರಸ್ತೆ, ಕೆಳಗೆ ಸಟ್ಲೆಜ್. ಮಧ್ಯಾಹ್ನ ಹಿಮ ಕರಗಿ ಮೇಲಿಂದ ಕಲ್ಲು ಬೀಳುವ ಜಾಗಗಳಿವೆ. ಅವನ್ನು ಬೆಳಿಗ್ಗೆಯೇ ದಾಟಿಕೊಳ್ಳಬೇಕು. ಕಲ್ಪಾದಲ್ಲಿ ಏಪ್ರಿಕಾಟ್ ಮರಗಳು ಎಲೆ ಇಲ್ಲದೆ ಬರೀ ಹೂವು ಹೊತ್ತು ನಿಂತಿದ್ದವು, ಎದುರಿಗೆ ಕಿನ್ನರ ಕೈಲಾಸ. ಪೂಹ್ ದಾಟಿದರೆ ಮರಗಳು ಮುಗಿದ ಹಾಗೆ. ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ನಾಕೋಗೆ ಏರುತ್ತದೆ. ನಾಕೋ, ತಾಬೋ, ಕಾಜಾ, ಕೊನೆಗೆ 4,200 ಮೀಟರ್ ಎತ್ತರದ ಕಿಬ್ಬರ್. ಎಲ್ಲಾ ಕಡೆ ತಂಗುತ್ತಾ ಹೋದೆವು. ಕಿಬ್ಬರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ದಿನ ಉಳಿದೆವು.

ಕೀ ಗೊಂಪಾ (ಬೌದ್ಧ ಮಠ) ದಾಟಿ ಕಿಬ್ಬರ್‌ಗೆ ಏರುವಾಗ ಒಂದು ತಿರುವಿನಲ್ಲಿ ಸಣ್ಣ ಕಲ್ಲು ಉರುಳಿದ ಸಪ್ಪಳ ಕೇಳಿಸಿತು. ಮೈದುನ ಗಾಡಿ ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿದ. ಮೇಲೆ ನೋಡಿದರೆ ಬರೀ ಗುಡ್ಡ. ಆಮೇಲೆ ಒಂದು ಕಲ್ಲು ತಲೆ ಎತ್ತಿತು! ಭರಲ್. ನೀಲಿ ಕುರಿ ಅಂತಲೂ ಕರೆಯುತ್ತಾರೆ, ಆದರೆ ಮೈಬಣ್ಣ ಅಲ್ಲಿಯ ಕಲ್ಲಿನದ್ದೇ. ಒಂದು ಕಂಡ ಮೇಲೆ ಕಣ್ಣಿಗೆ ರೂಢಿಯಾಗಿ ಇಡೀ ಹಿಂಡು ಕಂಡಿತು. ಹೊಟ್ಟೆ ಬೆಳ್ಳಗೆ, ಮುಂಗಾಲಿನ ಮುಂಭಾಗಕ್ಕೆ ಕಪ್ಪು ಪಟ್ಟಿ. ಮುಂಗಾಲಿನಿಂದ ಹಿಮ ಕೆದರಿ ಕೆಳಗಿನ ಒಣ ಹುಲ್ಲಿಗೆ ಬಾಯಿ ಹಾಕುತ್ತಿದ್ದವು. ಹೆಣ್ಣುಗಳ ಬೆನ್ನೆಲುಬು ಎದ್ದು ಕಾಣುತ್ತಿತ್ತು, ಹೊಟ್ಟೆ ಮಾತ್ರ ದಪ್ಪ. ಅವು ಮರಿ ಹಾಕುವುದು ಜೂನ್ ಹೊತ್ತಿಗೆ. ಇಡೀ ಚಳಿಗಾಲ ಅರೆಹೊಟ್ಟೆಯಲ್ಲಿ ಕಳೆದು, ಹೊಟ್ಟೆಯಲ್ಲಿ ಮರಿ ಹೊತ್ತು, ಮೊದಲ ಹುಲ್ಲಿಗೆ ಇಳಿದು ಬಂದಿರುತ್ತವೆ. ನಾವು ಕೂಗಾಡಿ ಓಡಿಸಿದರೆ ಅವು ತಿಂದ ಆ ನಾಲ್ಕು ಕಡ್ಡಿಯೂ ವ್ಯರ್ಥ. ಗಾಡಿಯಿಂದ ಇಳಿಯದೆ, ಗಾಜು ಇಳಿಸಿ, ಬಿಸಿಲು ಹೋಗುವವರೆಗೆ ಕೂತಿದ್ದೆವು. ಒಂದು ಮುದಿ ಟಗರು ನಮ್ಮ ಕಡೆ ನೋಡಿ, ಮೆಲುಕು ಹಾಕುತ್ತಾ ಮಲಗಿಬಿಟ್ಟಿತು.

ಐಬೆಕ್ಸ್ ಎಂಬ ಕಾಡು ಮೇಕೆ, ಕೆಂಪು ನರಿ, ಗಡ್ಡದ ರಣಹದ್ದು ಎಲ್ಲಾ ಕಂಡವು. ಕೇಳಿ, ಹೇಳುತ್ತೇನೆ.

ವಿಜಾಪುರ ಬುಲೆಟ್

ಅಕ್ಕಾರ, ಚಂದ ಬರೆದಿದ್ದೀರಿ. ಆದರೆ ನನಗೆ ಒಪ್ಪಿಗೆ ಇಲ್ಲ. ಇಷ್ಟು ದೂರ ಹೋಗಿ ಕುಂಜುಮ್, ಚಂದ್ರತಾಲ್ ಸರೋವರ ನೋಡದೆ ಬರುವುದು ಅಂದರೆ ಹೇಗೆ? ನಾನು ಜೂನ್ ಕೊನೆಯಲ್ಲಿ ಪೂರ್ತಿ ಸುತ್ತು ಹಾಕಿದವ. ಚಳಿ ಕಡಿಮೆ, ಹೋಟೆಲ್ ಎಲ್ಲಾ ತೆರೆದಿರುತ್ತವೆ, ನಳದಲ್ಲಿ ನೀರು ಬರುತ್ತದೆ. ಏಪ್ರಿಲ್‌ನಲ್ಲಿ ನಳವೇ ಹೆಪ್ಪುಗಟ್ಟಿರುತ್ತದೆ, ಅಲ್ವಾ? ಬೈಕ್‌ನವರಿಗಂತೂ ಜೂನ್ ನಂತರವೇ ಸರಿ.

ಶಹಾಪುರದಾಕಿ

ಬೈಕ್‌ಗೆ ನೀವು ಹೇಳಿದ್ದೇ ಸರಿ ಅಣ್ಣಾ. ಏಪ್ರಿಲ್‌ನಲ್ಲಿ ಬೆಳಗಿನ ಹೊತ್ತು ನೀರು ಹರಿಯುವ ಕಡೆ ರಸ್ತೆ ಮೇಲೆ ಮಂಜುಗಡ್ಡೆ ಇರುತ್ತದೆ, ಎರಡು ಗಾಲಿಯಲ್ಲಿ ಅಪಾಯ. ನಳದ ಮಾತೂ ನಿಜ. ನಾವಿದ್ದ ಮನೆಯಲ್ಲಿ ಕೊಡದಲ್ಲಿ ನೀರು ತರುತ್ತಿದ್ದರು. ಸ್ನಾನ ಮರೆತುಬಿಡಬೇಕು. ಒಣ ಪಾಯಖಾನೆ, ಮೇಲೆ ಮಣ್ಣು ಹಾಕುವುದು. ನಮಗೆ ಎರಡು ದಿನದಲ್ಲಿ ರೂಢಿಯಾಯಿತು.

ಆದರೆ ಜೂನ್ ಕೊನೆಯಲ್ಲಿ ನಿಮಗೆ ಐಬೆಕ್ಸ್ ಎಷ್ಟು ಹತ್ತಿರ ಕಂಡವು? ಹಿಮ ಕರಗಿದ ಹಾಗೆ ಅವು ಮೇಲೇರಿಬಿಡುತ್ತವೆ. ಚಂದ್ರತಾಲ್ ನೋಡಬೇಕೆಂದರೆ ಜೂನ್ ನಂತರ, ಪ್ರಾಣಿ ನೋಡಬೇಕೆಂದರೆ ಏಪ್ರಿಲ್. ಎರಡೂ ಒಂದೇ ಸಲಕ್ಕೆ ಬೇಕು ಅಂದರೆ ಎರಡೂ ಅರ್ಧಮರ್ಧ ಆಗುತ್ತದೆ.

ವಿಜಾಪುರ ಬುಲೆಟ್

ಜೂನ್‌ನಲ್ಲಿ ಐಬೆಕ್ಸ್ ಒಂದೂ ಕಾಣಲಿಲ್ಲ, ಅದು ಖರೆ. ಒಂದು ಮಾತು ಸೇರಿಸುತ್ತೇನೆ. ಮೊದಲ ಸಲ ಸ್ಪಿತಿ ನೋಡಿದಾಗ ಇಷ್ಟು ದೊಡ್ಡ ಹಿಮಾಲಯದ ನಡುವೆ ಈ ಮರುಭೂಮಿ ಹೇಗೆ ಬಂತು ಅನ್ನಿಸಿತ್ತು. ನಮ್ಮ ಜಿಲ್ಲೆಯ ಕಥೆಯೇ ಅಲ್ಲಿಯೂ. ಸಹ್ಯಾದ್ರಿ ಮೋಡ ತಡೆದು ನಮಗೆ ಮಳೆ ಕಡಿಮೆ ಮಾಡುತ್ತದೆ, ಅಲ್ಲಿ ಹಿಮಾಲಯದ ಮುಂದಿನ ಸಾಲು ಮುಂಗಾರನ್ನು ತಡೆಯುತ್ತದೆ. ಅವರಿಗೆ ನೀರು ಅಂದರೆ ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡ ಸುರಿಸಿದ ಹಿಮ. ಅದು ಕರಗಿ ಕಾಲುವೆಗೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ.

ಶಹಾಪುರದಾಕಿ

ಹೌದು. ಅದನ್ನೇ ಕಣ್ಣಾರೆ ನೋಡಿದೆವು. ಹೊಲದ ಹಿಮದ ಮೇಲೆ ಒಬ್ಬ ಅಜ್ಜಿ ಬುಟ್ಟಿಯಿಂದ ಒಣ ಮಣ್ಣು ಎರಚುತ್ತಿದ್ದಳು. ಬಿಳಿ ಹಿಮಕ್ಕಿಂತ ಕಪ್ಪು ಮಣ್ಣು ಬಿಸಿಲನ್ನು ಜಾಸ್ತಿ ಹೀರುತ್ತದೆ, ಹಿಮ ಬೇಗ ಕರಗುತ್ತದೆ, ಬಟಾಣಿ ಬಿತ್ತನೆಗೆ ಹೊಲ ಬೇಗ ಸಿಗುತ್ತದೆ. ಅಲ್ಲಿಯವರ ಕೈಗೆ ದುಡ್ಡು ತರುವ ಬೆಳೆ ಹಸಿ ಬಟಾಣಿ. ವರ್ಷಕ್ಕೆ ಒಂದೇ ಬೆಳೆ. ಅಜ್ಜಿ ನನಗೂ ಒಂದು ಬುಟ್ಟಿ ಕೊಟ್ಟಳು.

ಆಲಮಟ್ಟಿ ಹಿನ್ನೀರು, ಬಾಗಲಕೋಟೆ

ನಾನು ಹಕ್ಕಿ ನೋಡುವವ. ನಮ್ಮ ಹಿನ್ನೀರಿಗೂ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಅವು ಮಾರ್ಚ್ ಹೊತ್ತಿಗೆ ಉತ್ತರಕ್ಕೆ ಹೊರಡುತ್ತವೆ. ಹೆಚ್ಚು ಕಡಿಮೆ ನಿಮ್ಮ ಜೊತೆಗೇ ಪ್ರಯಾಣ. ಸ್ಪಿತಿಯಲ್ಲಿ ಕಂಡವೇ? ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ಅಲ್ಲಿಗೆ ಹೋಗುವ ಜನ ಜಾಸ್ತಿಯಾಗಿದ್ದಾರೆ. ಆ ಹಕ್ಕಿಗಳು ಬೇಸಿಗೆಗೆ ಎಲ್ಲಿ ಹೋಗುತ್ತವೆ ಎಂದು ಕೇಳುವವರೂ ಇದ್ದಾರೆ.

ಶಹಾಪುರದಾಕಿ

ನಮಗೆ ಸ್ಪಿತಿಯಲ್ಲಿ ಕಾಣಲಿಲ್ಲ ಸರ್. ಅವುಗಳಿಗೆ ಗೂಡು ಕಟ್ಟಲು ದೊಡ್ಡ ಕೆರೆ ಬೇಕು, ಸ್ಪಿತಿಯಲ್ಲಿ ಅಂಥದ್ದು ಇಲ್ಲ. ಲಡಾಖ್‌ನ ತ್ಸೋ ಮೊರಿರಿ, ಆಚೆ ಟಿಬೆಟ್, ಮಂಗೋಲಿಯಾ, ಅಲ್ಲಿಗೆ ಹೋಗುತ್ತವೆ. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಕಿಬ್ಬರ್‌ನಲ್ಲಿ ಹತ್ತು ಮೆಟ್ಟಿಲು ಹತ್ತಿ ನಿಂತು ಉಸಿರು ಎಳೆಯುವಾಗ ನನಗೆ ಆ ಹೆಬ್ಬಾತುಗಳೇ ನೆನಪಾದವು.

ಗಡ್ಡದ ರಣಹದ್ದಿನ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ, ಹಾಗಾಗಿ ಈಗಲೇ ಹೇಳುತ್ತೇನೆ. ಅದರ ಮುಖ್ಯ ಆಹಾರವೇ ಎಲುಬು. ಒಂದು ಹಕ್ಕಿ ಕಾಲಲ್ಲಿ ಎಲುಬು ಹಿಡಿದು ಮೇಲೆ ಹೋಯಿತು. ಬಂಡೆ ಮೇಲೆ ಬಿಟ್ಟಿತು. ಒಡೆಯಲಿಲ್ಲ. ಮತ್ತೆ ಇಳಿದು ಅದೇ ಎಲುಬು ಎತ್ತಿಕೊಂಡು, ಇನ್ನೂ ಎತ್ತರಕ್ಕೆ ಹೋಗಿ ಅದೇ ಬಂಡೆ ಮೇಲೆ ಬಿಟ್ಟಿತು. ಈ ಸಲ ಒಡೆದ ಸಪ್ಪಳ ನಮಗೆ ಕೇಳಿಸಿತು. ನೆತ್ತಿ ಮೇಲೆ ಹಾಯುವಾಗ ರೆಕ್ಕೆಯ ಸುಯ್ ಎಂಬ ಸದ್ದು ಕೂಡ.

ಕುರಿಗಾರ ಮನಿ, ಬೀಳಗಿ

ನಮ್ಮದು ಕುರಿ ಕಾಯುವ ಮನೆತನ. ನಮ್ಮ ಕಡೆ ತೋಳ ಇನ್ನೂ ಇದೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿ ಸುತ್ತ ಬಲೆ ಕಟ್ಟಿ, ನಾಯಿ ಬಿಟ್ಟುಕೊಂಡು ಮಲಗುತ್ತೇವೆ. ಆದರೂ ಮರಿ ಹೋಗುತ್ತದೆ. ಪರಿಹಾರಕ್ಕೆ ಅರ್ಜಿ ಕೊಟ್ಟು ಅಲೆಯುವುದಕ್ಕಿಂತ ಸುಮ್ನೆ ಇರುವುದೇ ವಾಸಿ ಅನ್ನಿಸುತ್ತದೆ. ಅಕ್ಕಾರ, ನೀವೆಲ್ಲ ಹಿಮ ಚಿರತೆ ನೋಡಿ ಖುಷಿಪಡುತ್ತೀರಿ. ಅಲ್ಲಿ ದನಕರು ಕಳೆದುಕೊಂಡವನು ಏನು ಹೇಳುತ್ತಾನೆ? ಅದನ್ನು ಕೇಳಿದಿರಾ?

ಶಹಾಪುರದಾಕಿ

ತಮ್ಮಾ, ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಕೇಳಿದೆವು. ನಾವಿದ್ದ ಮನೆಯ ಯಜಮಾನರಿಗೇ ಆ ಅನುಭವ ಇದೆ. ಅವರ ಕುದುರೆ ಮರಿಯನ್ನು ಹಿಮ ಚಿರತೆ ಹಿಡಿದಿತ್ತು. ಅಲ್ಲಿ ಯಾಕ್, ಕುದುರೆ, ಕತ್ತೆಗಳನ್ನು ಗುಡ್ಡಕ್ಕೆ ಮೇಯಲು ಬಿಟ್ಟಿರುತ್ತಾರೆ, ಕಾಯುವವರು ಯಾವಾಗಲೂ ಜೊತೆಗಿರುವುದಿಲ್ಲ. ಹಿಂದೆ ಹೀಗಾದರೆ ಸಿಟ್ಟಿಗೆ ಚಿರತೆ, ತೋಳಗಳನ್ನು ಕೊಲ್ಲುತ್ತಿದ್ದರಂತೆ.

ಈಗ ಊರಿನವರದೇ ಒಂದು ವಿಮೆ ಇದೆ, 2002ರಿಂದ. ಸಾಕಿದವರು ತಮ್ಮ ಪ್ರಾಣಿಗಳಿಗೆ ಕಂತು ಕಟ್ಟುತ್ತಾರೆ, ಅದಕ್ಕೆ ಹೊರಗಿನ ನೆರವೂ ಸೇರುತ್ತದೆ. ಪ್ರಾಣಿ ಸತ್ತರೆ ಊರಿನ ಸಮಿತಿಯೇ ಹೋಗಿ ನೋಡಿ, ಇದು ಚಿರತೆಯದ್ದೋ ಅಲ್ಲವೋ ಎಂದು ತೀರ್ಮಾನಿಸಿ ಹಣ ಕೊಡುತ್ತದೆ. ದೂರದ ಆಫೀಸಿಗೆ ಅಲೆಯುವುದು ಇಲ್ಲ, ಸುಳ್ಳು ಹೇಳಿದರೆ ಪಕ್ಕದ ಮನೆಯವನಿಗೇ ಗೊತ್ತಾಗುತ್ತದೆ. ಇದಕ್ಕಿಂತ ಮುಂಚೆಯೇ, 1990ರ ದಶಕದ ಕೊನೆಗೆ, ಊರಿನವರು ತಮ್ಮ ಹುಲ್ಲುಗಾವಲಿನ ಒಂದು ಭಾಗವನ್ನು ಮೇಯಿಸದೆ ಬಿಡಲು ಒಪ್ಪಿದ್ದರು. ಅಲ್ಲಿ ಭರಲ್ ಹೆಚ್ಚಿದವು. ಚಿರತೆಗೆ ಕಾಡಲ್ಲೇ ಊಟ ಸಿಕ್ಕರೆ ದೊಡ್ಡಿಗೆ ಬರುವುದು ಕಡಿಮೆ ಆಗಲಿ ಎಂಬುದು ಲೆಕ್ಕ. ರಾತ್ರಿ ಕುರಿ ಕೂಡುವ ದೊಡ್ಡಿಗಳಿಗೆ ಮೇಲೆ ಕಬ್ಬಿಣದ ಜಾಳಿಗೆ ಹೊದಿಸಿದ್ದನ್ನೂ ನೋಡಿದೆವು. ಹಿಮ ಚಿರತೆ ದೊಡ್ಡಿಯ ಒಳಗೆ ಇಳಿದರೆ ಒಂದಕ್ಕೇ ನಿಲ್ಲುವುದಿಲ್ಲ, ಗಾಬರಿಯಲ್ಲಿ ಓಡುವ ಎಲ್ಲವನ್ನೂ ಹೊಡೆಯುತ್ತದೆ. ಹಾಗಾಗಿ ಆ ಜಾಳಿಗೆಗೆ ಬಹಳ ಬೆಲೆ.

ನಮಗೆ ಹೆಮ್ಮೆ ಅನ್ನಿಸಿದ್ದು ಏನೆಂದರೆ, ಈ ಕೆಲಸದಲ್ಲಿ ಊರಿನವರ ಜೊತೆ ನಿಂತ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನ ಸಂಸ್ಥೆ. ಚಾರುದತ್ತ ಮಿಶ್ರಾ ಮತ್ತು ಅವರ ಜೊತೆಗಾರರು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈಗ ಕಿಬ್ಬರ್‌ನ ಹೆಣ್ಣುಮಕ್ಕಳೂ ಗುಡ್ಡ ಹತ್ತಿ, ಪ್ರಾಣಿ ಹಾಯ್ದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಡುತ್ತಾರೆ.

ಯಜಮಾನರಿಗೆ ಚಿರತೆ ಮೇಲೆ ಪ್ರೀತಿ ಇದೆಯೇ ಎಂದರೆ, ಅಷ್ಟು ಸರಳ ಅಲ್ಲ. ಕುದುರೆ ಮರಿಯ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಒಲೆಗೆ ಸಗಣಿ ಕುಳ್ಳು ಹಾಕುತ್ತಾ ಸುಮ್ಮನೆ ಕೂತರು. ಆದರೆ ಚಿರತೆ ನೋಡಲು ಬರುವವರಿಂದಲೇ ಅವರ ಮನೆಗೆ ಚಳಿಗಾಲದ ದುಡಿಮೆ. ಅದನ್ನೂ ಅವರೇ ಹೇಳಿದರು.

ಕುರಿಗಾರ ಮನಿ

ಊರಿನ ಸಮಿತಿಯೇ ನೋಡಿ ಕೊಡುವುದು ಅಂದಿರಲ್ಲ, ಅದು ನಮಗೆ ಬೇಕಾಗಿದ್ದು. ಯಡಹಳ್ಳಿ ಚಿಂಕಾರ ಅಭಯಾರಣ್ಯದ ಸುತ್ತಲಿನ ಹಳ್ಳಿಗಳಲ್ಲಿ ಇಂಥದ್ದು ಮಾಡಬಹುದು. ನಮ್ಮ ಹಿರಿಯರ ಜೊತೆ ಮಾತಾಡುತ್ತೇನೆ.

ಖಾನಾಪುರ ಡಾಕ್ಟರ್

ಒಂದು ವಿಷಯ ಒತ್ತಿ ಹೇಳಬೇಕು. ಬೆಳಗಾವಿ ಸುಮಾರು 750 ಮೀಟರ್ ಎತ್ತರ. ಕಿಬ್ಬರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರ ಆಸುಪಾಸು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ಇವರು ಕಲ್ಪಾ, ನಾಕೋ, ತಾಬೋ ಎಂದು ನಿಂತು ಹೋದದ್ದು ಸರಿಯಾದ ಕ್ರಮ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಶುರುವಾದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಕೆಳಗೆ ಇಳಿಸಿ, ಆಸ್ಪತ್ರೆಗೆ ಒಯ್ಯಿರಿ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು. ಬಿಪಿ, ಹೃದಯದ ತೊಂದರೆ ಇರುವವರು ಪರೀಕ್ಷೆ ಮಾಡಿಸಿಕೊಂಡೇ ಹೊರಡಿ.

ನಿಪ್ಪಾಣಿ ಮಾಸ್ತರ

ನಾನು ನಿವೃತ್ತ ಇತಿಹಾಸ ಶಿಕ್ಷಕ. ತಾಬೋ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ಆ ಮಠ ಕ್ರಿ.ಶ. 996ರದು. ಆಗ ನಮ್ಮ ಕಡೆ ಚಾಲುಕ್ಯ ತೈಲಪ ಆಳುತ್ತಿದ್ದ. ಅಲ್ಲಿಯದು ಮಣ್ಣಿನ ಗೋಡೆ, ಒಳಗೆಲ್ಲ ಚಿತ್ರ. ಇಷ್ಟು ಶತಮಾನ ಮಣ್ಣು ನಿಂತಿದೆ ಎಂದರೆ ಆ ಒಣ ಹವೆಯೇ ಕಾರಣ. ತಂಗಿ, ಒಳಗೆ ಹೋಗಿದ್ದಿರಾ?

ಶಹಾಪುರದಾಕಿ

ಹೋಗಿದ್ದೆವು ಮಾಸ್ತರ. ಒಳಗೆ ಕತ್ತಲು, ಫೋಟೋ ತೆಗೆಯುವಂತಿಲ್ಲ. ಬ್ಯಾಟರಿ ಬೆಳಕಲ್ಲಿ ಒಂದು ಗೋಡೆ ನೋಡುವುದಕ್ಕೇ ಬಹಳ ಹೊತ್ತು ಹಿಡಿಯಿತು. ನೀವು ಬೇರೆಯೇ ಒಂದು ಚರ್ಚೆ ಶುರು ಮಾಡಿ, ನಾನು ಖಂಡಿತ ಬರುತ್ತೇನೆ.

ಗೋಕಾಕ ಕ್ಯಾಮೆರಾ

ಅಕ್ಕಾ, ಹಿಮ ಚಿರತೆ ಕಂಡಿತೋ ಇಲ್ಲವೋ ಅದನ್ನು ಬರೆಯಲೇ ಇಲ್ಲ. ಕಂಡಿದ್ದರೆ ಸರಿಯಾದ ಜಾಗ, ಮ್ಯಾಪ್ ಪಾಯಿಂಟ್ ಹಾಕಿ ದಯವಿಟ್ಟು. ನಾನು ಮುಂದಿನ ಮಾರ್ಚ್‌ನಲ್ಲಿ ಹೋಗುವವ. ಹೋಗಿ ಬರುವುದಕ್ಕೆ ಬಹಳ ಖರ್ಚು, ಖಾಲಿ ಕೈಯಲ್ಲಿ ಬರಬಾರದು ಎಂದು.

ಶಹಾಪುರದಾಕಿ

ಕಂಡಿತು. ಕಣಿವೆಯ ಆಚೆ ಬದಿಯಲ್ಲಿ, ದುರ್ಬೀನಿನಲ್ಲಿ. ಊರಿನ ಹುಡುಗನೊಬ್ಬ ಬೆಳಿಗ್ಗೆಯಿಂದ ಬಂಡೆ ಬಂಡೆ ಹುಡುಕಿ ತೋರಿಸಿದ. ಒಂದು ಐಬೆಕ್ಸ್ ಹೊಡೆದು ಅದರ ಪಕ್ಕದಲ್ಲೇ ಮಲಗಿತ್ತು. ಹಳದಿ ಕೊಕ್ಕಿನ ಕಾಗೆಯಂಥ ಹಕ್ಕಿಗಳು ಮಾಂಸಕ್ಕೆ ಹಾರಿ ಬಂದಾಗ ಒಮ್ಮೆ ಎದ್ದಿತು. ಆಗ ಬಾಲ ಕಂಡಿತು. ಮೈಯಷ್ಟೇ ಉದ್ದವೇನೋ ಅನ್ನುವ ಹಾಗೆ, ದಪ್ಪಗೆ, ತುದಿಯವರೆಗೂ ರೋಮ. ತಿರುಗಿ ಮಲಗಿ ಆ ಬಾಲವನ್ನೇ ಮೂತಿಗೆ ಸುತ್ತಿಕೊಂಡಿತು. ಸಂಜೆಯವರೆಗೆ ಮತ್ತೆ ಏಳಲಿಲ್ಲ. ನಮ್ಮ ಮನೆಯವರ ಕಣ್ಣಲ್ಲಿ ನೀರು ಬಂದಿತ್ತು, ಗಾಳಿಗೆ ಅಲ್ಲ.

ಜಾಗ ಮಾತ್ರ ಹಾಕುವುದಿಲ್ಲ ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ದೇಶದಲ್ಲಿ ಮೊದಲ ಬಾರಿ ಪೂರ್ತಿ ಎಣಿಕೆ ಮಾಡಿ 2024ರಲ್ಲಿ ವರದಿ ಬಂತಲ್ಲ, ಅದರಲ್ಲಿ ಒಟ್ಟು 718 ಹಿಮ ಚಿರತೆ. ಲಡಾಖ್ ಒಂದರಲ್ಲೇ 477, ಹಿಮಾಚಲಕ್ಕೆ ಬಂದದ್ದು 51. ಇಷ್ಟು ಕಡಿಮೆ ಇರುವ ಪ್ರಾಣಿಯ ಜಾಗವನ್ನು ಮ್ಯಾಪಿನಲ್ಲಿ ಗುರುತು ಹಾಕಿ ಹಂಚುವುದು ಸರಿಯಲ್ಲ. ಬೇಟೆಗಾರರ ಭಯ ಒಂದು ಕಡೆ. ನಮ್ಮಂಥ ನೋಡುವವರ ಗದ್ದಲ ಇನ್ನೊಂದು ಕಡೆ. ಒಂದು ದೊಡ್ಡ ಪ್ರಾಣಿ ಹೊಡೆದರೆ ಅದು ಹಲವು ದಿನ ಅದನ್ನೇ ತಿನ್ನುತ್ತದೆ. ಜನ ಹತ್ತಿರ ಹೋಗಿ ಎಬ್ಬಿಸಿದರೆ ಬಿಟ್ಟು ಹೋಗಿ ಮತ್ತೆ ಬೇಟೆ ಆಡಬೇಕು. ಆ ಬೇಟೆ ಯಾರದೋ ಕುದುರೆ ಮರಿಯೂ ಆಗಬಹುದು.

ನಾವಿದ್ದಾಗಲೇ ಒಂದು ಸಂಜೆ ಪ್ರವಾಸಿ ಗಾಡಿಯೊಂದು ಕೆಂಪು ನರಿಯ ಹಿಂದೆ ಹೆಡ್‌ಲೈಟ್ ಹಾಕಿಕೊಂಡು ಓಡಿಸಿತು, ಕಿಟಕಿಯಿಂದ ಮೊಬೈಲ್ ಹೊರಗೆ. ನರಿ ಎರಡು ಸಲ ಹಿಮದಲ್ಲಿ ಜಾರಿ ಬಿತ್ತು. ಮೈದುನ ಇಳಿದು ಅಡ್ಡ ನಿಂತು ನಿಲ್ಲಿಸಿದ. ಇನ್ನೊಂದು ಗುಂಪು ಉಳಿದ ಮ್ಯಾಗಿ, ಚಿಕನ್ ಎಲುಬು ರಸ್ತೆ ಬದಿಗೆ ಸುರಿದು ಹೋಯಿತು. ಅಲ್ಲಿಯ ಬೀದಿನಾಯಿಗಳು ಅದನ್ನೇ ತಿಂದು ಬೆಳೆದು, ಚಳಿಗಾಲದಲ್ಲಿ ಜನ ಇಲ್ಲದಾಗ ಹಿಂಡು ಕಟ್ಟಿ ಕುರಿಗಳ ಮೇಲೆ, ಭರಲ್ ಮೇಲೆ ಬೀಳುತ್ತವೆ. ನಮ್ಮ ಕಸ ನಾವೇ ಹೊತ್ತು ತಂದರೆ ಆಯಿತು, ಇದಕ್ಕೆ ಖರ್ಚೇನೂ ಇಲ್ಲ.

ನಿನಗೆ ಬೇಕಾದದ್ದು ಮ್ಯಾಪ್ ಪಾಯಿಂಟ್ ಅಲ್ಲ, ಊರಿನ ಒಬ್ಬ ಹುಡುಗ. ಕಿಬ್ಬರ್‌ನಲ್ಲಿ ಮನೆ ಹಿಡಿದು ಯಜಮಾನರನ್ನು ಕೇಳು, ಅವರೇ ಗೊತ್ತು ಮಾಡುತ್ತಾರೆ. ಆ ಹುಡುಗರಿಗೆ ಹಿಮದಲ್ಲಿ ಹೆಜ್ಜೆ ನೋಡಿ ಎಷ್ಟು ಹೊತ್ತಿನ ಹಿಂದೆ ಹೋಯಿತು ಎಂದು ಗೊತ್ತಾಗುತ್ತದೆ. ದಿನದ ಕೂಲಿ ಕೊಡುವಾಗ ಚೌಕಾಸಿ ಮಾಡಬೇಡ.

ಗೋಕಾಕ ಕ್ಯಾಮೆರಾ

ಸರಿ ಅಕ್ಕಾ, ಒಪ್ಪಿದೆ. ಹಾಗಾದರೆ ಐಬೆಕ್ಸ್‌ಗೂ ಭರಲ್‌ಗೂ ದೂರದಿಂದ ಗುರುತು ಹೇಗೆ? ನನ್ನ ಹತ್ತಿರ 300 ಎಂಎಂ ಲೆನ್ಸ್ ಇದೆ, ಸಾಕಾ?

ಶಹಾಪುರದಾಕಿ

ಐಬೆಕ್ಸ್ ಗಂಡಿಗೆ ಗಡ್ಡ ಇರುತ್ತದೆ. ಕೊಂಬು ಬೆನ್ನಿನ ಕಡೆಗೆ ಕುಡಗೋಲಿನ ಹಾಗೆ ಬಾಗಿರುತ್ತದೆ, ಮೇಲೆ ದಪ್ಪ ದಪ್ಪ ಗಂಟು. ಭರಲ್‌ಗೆ ಗಡ್ಡ ಇಲ್ಲ, ಕೊಂಬು ನುಣುಪು, ಎರಡೂ ಪಕ್ಕಕ್ಕೆ ಹರಡಿ ಹಿಂದಕ್ಕೆ ತಿರುಗಿರುತ್ತದೆ. ನಿಂತ ಜಾಗವೂ ಸುಳಿವು ಕೊಡುತ್ತದೆ. ಕಡಿದಾದ ಬಂಡೆಯ ಅಂಚಿನಲ್ಲಿ ಐಬೆಕ್ಸ್, ಸ್ವಲ್ಪ ತೆರೆದ ಹುಲ್ಲಿನ ಇಳಿಜಾರಿನಲ್ಲಿ ಭರಲ್. 300 ಎಂಎಂ ಈ ಎರಡಕ್ಕೆ ಸಾಕು. ಚಿರತೆಗೆ ಸಾಲುವುದಿಲ್ಲ, ದುರ್ಬೀನು ತೆಗೆದುಕೊಂಡು ಹೋಗು. ಬ್ಯಾಟರಿಗಳನ್ನು ಅಂಗಿಯ ಒಳ ಜೇಬಿನಲ್ಲಿ ಇಟ್ಟುಕೋ, ಚಳಿಗೆ ಬೇಗ ಇಳಿಯುತ್ತವೆ.

ವಿಜಾಪುರ ಬುಲೆಟ್

ಕೊನೆಯ ಪ್ರಶ್ನೆ ನನ್ನದು. ಮನೆಯವರು ಇದನ್ನು ಓದಿ ಏಪ್ರಿಲ್‌ನಲ್ಲಿ ಕಾರಿನಲ್ಲೇ ಹೋಗೋಣ ಅನ್ನುತ್ತಿದ್ದಾರೆ. ಡೀಸೆಲ್ ಗಾಡಿ. ಚಳಿಗೆ ಏನು ತಯಾರಿ?

ಶಹಾಪುರದಾಕಿ

ನಮ್ಮ ಕಡೆ ಬೇಸಿಗೆಯಲ್ಲಿ ರೇಡಿಯೇಟರ್‌ಗೆ ಬರೀ ನೀರು ತುಂಬುವ ರೂಢಿ ಇದೆ. ಅದನ್ನು ಪೂರ್ತಿ ತೆಗೆಸಿ ಚಳಿಗೆ ಹೆಪ್ಪುಗಟ್ಟದ ಕೂಲಂಟ್ ಹಾಕಿಸಿ, ಬರೀ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರ್ ಒಡೆಯುತ್ತದೆ. ಗಾಜು ತೊಳೆಯುವ ನೀರಿಗೂ ಅದೇ ಮಾತು. ಬ್ಯಾಟರಿ ಹಳೆಯದಾಗಿದ್ದರೆ ಊರಲ್ಲೇ ಬದಲಿಸಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಡಿದುಕೊಂಡು ಬಿಡುತ್ತದೆ. ಗೇರ್‌ನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ. ಬೆಳಗಿನ ಬಿಸಿಲು ಇಂಜಿನ್ ಕಡೆ ಬೀಳುವ ಹಾಗೆ ನಿಲ್ಲಿಸಿ, ಬಿಸಿಲು ಬಂದ ಮೇಲೆ ಸ್ಟಾರ್ಟ್ ಮಾಡಿ. ರಿಕಾಂಗ್ ಪಿಯೋ ಕೆಳಗೆ ಟ್ಯಾಂಕ್ ಫುಲ್ ಮಾಡಿಕೊಳ್ಳಿ, ಅದು ಬಿಟ್ಟರೆ ಕಾಜಾದಲ್ಲೇ ಪಂಪ್. ಭಾರತೀಯರಿಗೆ ಈ ದಾರಿಯಲ್ಲಿ ಪರ್ಮಿಟ್ ಬೇಡ, ಆದರೆ ಚೆಕ್‌ಪೋಸ್ಟ್‌ಗೆ ಆಧಾರ್ ಕೈಯಲ್ಲಿರಲಿ. ಹಿಮ ಬಿದ್ದು ರಸ್ತೆ ಮುಚ್ಚಿದರೆ ಒಂದೆರಡು ದಿನ ಕೂಡಬೇಕಾದೀತು, ರಜೆ ಅಷ್ಟು ಜಾಸ್ತಿ ಬರೆಸಿ. ವೈನಿಯವರಿಗೆ ಹೇಳಿ, ಉಣ್ಣೆ ಕಾಲುಚೀಲ ಇಲ್ಲಿಂದ ತರುವುದು ಬೇಡ, ಕಾಜಾ ಬಜಾರಿನಲ್ಲಿ ಅಲ್ಲಿಯ ಹೆಂಗಸರೇ ಹೆಣೆದದ್ದು ಸಿಗುತ್ತದೆ.